ಉಣುಗಿನ ಹೊಟ್ಟೆಯಲ್ಲಿ ಲೈಮ್ ಇದೆಯಾ?

ಪ್ರಶ್ನೆ: ಕಾಡಿನಲ್ಲಿ ಹಿಡಿದ ಉಣುಗಿನೊಳಗೆ, ಉಣುಗು ಕಚ್ಚಿ ಬರುವ ಲೈಮ್ ರೋಗದ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂದು ಹೇಗೆ ತಿಳಿಯುತ್ತಾರೆ? ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕಲ್ವಾ?

ಉತ್ತರ: ಮೊದಲು ಸಿಕ್ಕಿದ್ದು ಹಾಗೆಯೇ. 1981ರಲ್ಲಿ ವಿಜ್ಞಾನಿ ವಿಲಿ ಬರ್ಗ್‌ಡಾರ್ಫರ್ ನ್ಯೂಯಾರ್ಕಿನ ಶೆಲ್ಟರ್ ಐಲ್ಯಾಂಡಿನಿಂದ ಬಂದ ಉಣುಗುಗಳನ್ನು ಸೀಳಿ ಹುಡುಕುತ್ತಿದ್ದದ್ದು ಬೇರೊಂದು ರೋಗಾಣುವನ್ನು, ಕಂಡದ್ದು ಮಾತ್ರ ಸುರುಳಿ ಸುರುಳಿಯಾದ ಈ ಬ್ಯಾಕ್ಟೀರಿಯಾ. ಅದಕ್ಕೇ ಅದರ ಹೆಸರು ಬೊರೇಲಿಯಾ ಬರ್ಗ್‌ಡಾರ್ಫರಿ. ಆದರೆ ಕಣ್ಣಿಗೆ ಎಲ್ಲ ಬೊರೇಲಿಯಾಗಳೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಮರುಕಳಿಸುವ ಜ್ವರ ತರುವ ಬೊರೇಲಿಯಾ ಮಿಯಮೊಟೊಯಿ ಕೂಡ ಅದೇ ಉಣುಗುಗಳಲ್ಲಿ ಇರುತ್ತದೆ. ಲ್ಯಾಬಿನಲ್ಲಿ ಬೆಳೆಸಿ ನೋಡೋಣವೆಂದರೆ ಅದಕ್ಕೆ ವಿಶೇಷ ಪೋಷಕ ದ್ರವ ಬೇಕು, ವಾರಗಟ್ಟಲೆ ಕಾಯಬೇಕು.

ಹಾಗಾಗಿ ಈಗ ಜಾಸ್ತಿ ಬಳಸುವುದು ಪಿಸಿಆರ್, ಅಂದರೆ ಡಿಎನ್‌ಎಯ ಚಿಕ್ಕ ತುಣುಕನ್ನು ನಕಲು ಮಾಡಿ ಪತ್ತೆಹಚ್ಚುವ ಪರೀಕ್ಷೆ. ಹುಲ್ಲು, ಪೊದೆಗಳ ಮೇಲೆ ಬಿಳಿ ಬಟ್ಟೆ ಎಳೆದರೆ ಕಾಯುತ್ತಾ ಕೂತ ಉಣುಗುಗಳು ಅಂಟಿಕೊಳ್ಳುತ್ತವೆ. ಅವನ್ನು ಎತ್ತಿ ಆಲ್ಕೋಹಾಲಿಗೆ ಹಾಕಿ, ಜಾತಿ ಮತ್ತು ಹಂತ ಗುರುತಿಸಿ, ಆಮೇಲೆ ಜಜ್ಜಿ ಡಿಎನ್‌ಎ ತೆಗೆಯುತ್ತಾರೆ. ಅದರಲ್ಲಿ ಬೊರೇಲಿಯಾದ್ದೇ ಆದ ಒಂದು ತುಣುಕನ್ನು, ಉದಾಹರಣೆಗೆ ಅದು ಈಜಲು ಬಳಸುವ ಎಳೆಗಳ ಪ್ರೋಟೀನಾದ ಫ್ಲಾಜೆಲಿನ್‌ನ ಜೀನ್, ಪಿಸಿಆರ್ ಮತ್ತೆ ಮತ್ತೆ ನಕಲು ಮಾಡುತ್ತದೆ. ನಕಲುಗಳು ಬಂದರೆ ಫಲಿತಾಂಶ ಪಾಸಿಟಿವ್. ಜಾತಿ ಖಚಿತವಾಗಬೇಕೆಂದರೆ ಆ ತುಣುಕಿನ ಅಕ್ಷರಸರಣಿಯನ್ನೂ ಓದಬೇಕು.

ಆರು ಕಾಲಿನ ಮರಿಗಳನ್ನು ಪರೀಕ್ಷಿಸಿ ಹೆಚ್ಚು ಲಾಭವಿಲ್ಲ. ತಾಯಿಯಿಂದ ಮೊಟ್ಟೆಗೆ ಲೈಮ್ ಬ್ಯಾಕ್ಟೀರಿಯಾ ದಾಟುವುದು ತೀರಾ ಅಪರೂಪ, ಇಲಿ ಹಕ್ಕಿಗಳ ರಕ್ತ ಕುಡಿದ ಮೇಲೆಯೇ ಉಣುಗಿಗೆ ಅಂಟುವುದು. ಮರಿಯ ನಂತರದ ಹಂತವಾದ ಎಂಟು ಕಾಲಿನ ನಿಂಫ್ ಮತ್ತು ಪೂರ್ತಿ ಬೆಳೆದವು ಮುಖ್ಯ. ನಿಂಫ್ ಗಸಗಸೆಯಷ್ಟೇ, ಬಟ್ಟೆ ಬಿಳಿ ಇಲ್ಲದಿದ್ದರೆ ಕಾಣುವುದೂ ಇಲ್ಲ.

ಪ್ರಶ್ನೆ: ಫಲಿತಾಂಶವನ್ನು ನಂಬಬಹುದಾ?

ಉತ್ತರ: ಲ್ಯಾಬ್ ಹೇಗಿದೆ ಎಂಬುದರ ಮೇಲೆ ಹೋಗುತ್ತದೆ. ರಕ್ತ ಹೀರಿ ಉಬ್ಬಿದ ಉಣುಗಿನಲ್ಲಿ ಆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಂಶ ಪಿಸಿಆರನ್ನೇ ತಡೆಯುತ್ತದೆ, ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರಬಹುದು. ಉಲ್ಟಾ, ಪಕ್ಕದ ಟ್ಯೂಬಿನಿಂದ ಚೂರು ಡಿಎನ್‌ಎ ಹಾರಿ ಬಿದ್ದರೂ ಸುಳ್ಳು ಪಾಸಿಟಿವ್. ಪ್ರತಿ ಸಲ ಡಿಎನ್‌ಎ ಇಲ್ಲದ ಒಂದು ಖಾಲಿ ಟ್ಯೂಬನ್ನೂ ಜೊತೆಗೆ ಓಡಿಸದ ವರದಿಯನ್ನು ನಾನಂತೂ ನಂಬುವುದಿಲ್ಲ. ಖರ್ಚು ಉಳಿಸಲು ಹತ್ತಾರು ಉಣುಗುಗಳನ್ನು ಒಟ್ಟಿಗೆ ಜಜ್ಜುವುದೂ ಉಂಟು, ಆಗ ಗುಂಪು ಪಾಸಿಟಿವ್ ಬಂದರೆ ಅದರಲ್ಲಿ ಒಂದಕ್ಕೋ ಐದಕ್ಕೋ ಸೋಂಕು ಎಂದು ಹೇಳಲಾಗದು.

ಪ್ರಶ್ನೆ: ನನ್ನನ್ನು ಕಚ್ಚಿದ ಉಣುಗು ಪಾಸಿಟಿವ್ ಬಂದರೆ ನನಗೂ ಬಂತು ಅಂತಲಾ?

ಉತ್ತರ: ಅಲ್ಲ. ಪಿಸಿಆರ್ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ. ಅಲ್ಲದೆ ಉಣುಗಿನ ಕರುಳಿನಿಂದ ಜೊಲ್ಲಿಗೆ ಅದು ಬರಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಬೇಕು, ಬೇಗ ಕಿತ್ತಿದ್ದರೆ ಅಪಾಯ ಕಡಿಮೆ. ಉಣುಗು ನೆಗೆಟಿವ್ ಬಂದರೂ ಸುಮ್ನೆ ಕೂರಬೇಡಿ, ಗೊತ್ತಾಗದೆ ಇನ್ನೊಂದು ಕಚ್ಚಿರಬಹುದು. ಒಂದು ತಿಂಗಳೊಳಗೆ ಹರಡುವ ಕೆಂಪು ಕಲೆಯೋ ಜ್ವರವೋ ಬಂದರೆ ಉಣುಗಿನ ವರದಿಗೆ ಕಾಯದೆ ವೈದ್ಯರ ಹತ್ತಿರ ಹೋಗಿ.