‘ಬದಲಾಯಿತು’ ಸರಿ, ಬದಲಾಯಿಸಿದವರು ಯಾರು?

ಮಾನ್ಯರೇ,

ಅಮೆರಿಕದ ಬೇಸ್‌ಬಾಲ್ ತಂಡಗಳ ಹೆಸರುಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹತ್ತೊಂಬತ್ತು ತಂಡಗಳ ಹೆಸರುಗಳನ್ನು ಇಸವಿ ಸಮೇತ ಕಲೆಹಾಕಿದ್ದೀರಿ, ಶ್ರಮ ಕಾಣುತ್ತದೆ. ಆದರೆ ಓದುವಾಗ ಮದುವೆಮನೆಯ ಮುಯ್ಯಿ ಪಟ್ಟಿ ಕೇಳಿಸಿಕೊಂಡಂತಾಯಿತು. ‘ಬದಲಾಯಿತು’ ಎಂಬ ಪದ ಇಪ್ಪತ್ತಾರು ಕಡೆ ಇದೆ; ಎಣಿಸಿದೆ. ಈ ಪದದ ಅನುಕೂಲವೇ ಅದು, ಮಾಡಿದವರನ್ನು ಹೇಳದೆ ವಾಕ್ಯ ಮುಗಿಸಿಬಿಡಬಹುದು. ನಿಮ್ಮ ವಿಷಯದ ಜೀವ ಇರುವುದು ಆ ಹೇಳದೆ ಬಿಟ್ಟವರಲ್ಲಿ.

ನ್ಯೂಯಾರ್ಕ್‌ನ ಬ್ರೂಕ್ಲಿನ್ ತಂಡವನ್ನು ನೋಡಿ. ‘1888ರಲ್ಲಿ ಬ್ರೈಡ್‌ಗ್ರೂಮ್ಸ್ ಎಂದು ಬದಲಾಯಿತು’ ಎಂದು ಬರೆದು ಮುಂದಿನ ತಂಡಕ್ಕೆ ಹಾರಿದ್ದೀರಿ. ಆಗಷ್ಟೇ ತಂಡದ ಹಲವು ಆಟಗಾರರು ಮದುವೆಯಾಗಿದ್ದರು, ಅದಕ್ಕೇ ‘ಮದುವಣಿಗರು’! ಇಷ್ಟು ಸೊಗಸಾದ ಸಂಗತಿಯನ್ನು ಬಿಟ್ಟು ಬರೀ ಇಸವಿ ಉಳಿಸಿಕೊಂಡಿದ್ದೀರಲ್ಲ. ಆಮೇಲೆ ವಿದ್ಯುತ್ ಟ್ರಾಮುಗಳು ಬಂದವು. ಅವುಗಳಿಂದ ತಪ್ಪಿಸಿಕೊಂಡು ರಸ್ತೆ ದಾಟುವ ಊರಿನವರಿಗೆ ಅಂಟಿದ ಅಡ್ಡಹೆಸರು ತಂಡಕ್ಕೂ ಅಂಟಿ ‘ಡಾಜರ್ಸ್’ ಆಯಿತು. ನಡುವೆ ಮ್ಯಾನೇಜರ್ ವಿಲ್ಬರ್ಟ್ ರಾಬಿನ್ಸನ್ ಇದ್ದಷ್ಟು ಕಾಲ ಅದೇ ತಂಡ ‘ರಾಬಿನ್ಸ್’. ಇವು ಯಾವುವೂ ಮಾಲೀಕರು ಸಭೆ ಸೇರಿ ಇಟ್ಟ ಹೆಸರುಗಳಲ್ಲ; ಪತ್ರಿಕೆಯವರ, ಅಭಿಮಾನಿಗಳ ಬಾಯಲ್ಲಿ ಹುಟ್ಟಿದವು. ‘ಡಾಜರ್ಸ್’ ಅಂಗಿಯ ಮೇಲೆ ಬಂದದ್ದು 1930ರ ದಶಕದಲ್ಲಿ. 1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಹೋದಾಗ ಬ್ರೂಕ್ಲಿನ್‌ನಲ್ಲೇ ಟ್ರಾಮುಗಳು ನಿಂತುಹೋಗಿದ್ದವು. ಹೆಸರು ಮಾತ್ರ ದೇಶದ ಆ ತುದಿಗೆ ಪ್ರಯಾಣ ಮಾಡಿತು.

ಕ್ಲೀವ್‌ಲ್ಯಾಂಡ್ ಭಾಗದಲ್ಲಿ ತಪ್ಪಿದೆ. 1915ರ ‘ಇಂಡಿಯನ್ಸ್’ ಹೆಸರು ಲೂಯಿಸ್ ಸಾಕಲೆಕ್ಸಿಸ್ ಎಂಬ ಮೂಲನಿವಾಸಿ ಆಟಗಾರರ ಗೌರವಾರ್ಥ ಎಂದು ಖಚಿತವಾಗಿ ಬರೆದಿದ್ದೀರಿ. ತಂಡ ಬಹುಕಾಲ ಹೇಳಿಕೊಂಡು ಬಂದ ಕಥೆ ಅದು. ಇತಿಹಾಸಕಾರರಲ್ಲಿ ಹಲವರು ಅದನ್ನು ಅನುಮಾನಿಸಿದ್ದಾರೆ. ಸಾಕಲೆಕ್ಸಿಸ್ 1897ರಿಂದ 1899ರವರೆಗೆ ಆಡಿದ್ದು ‘ಸ್ಪೈಡರ್ಸ್’ ಎಂಬ ಬೇರೆಯೇ ತಂಡಕ್ಕೆ. ನೀವು ಎರಡನ್ನೂ ಒಂದು ಮಾಡಿದ್ದೀರಿ. ನಡೆದದ್ದು ಇದು: ನಪೋಲಿಯನ್ ಲಾಜ್ವೇ ಎಂಬ ತಾರೆಯ ಹೆಸರಿನಿಂದ ‘ನ್ಯಾಪ್ಸ್’ ಆಗಿದ್ದ ತಂಡಕ್ಕೆ, ಅವರು ಹೊರಟ ಮೇಲೆ ಹೊಸ ಹೆಸರು ಬೇಕಾಯಿತು. ಮಾಲೀಕರು ಅದನ್ನು ಆರಿಸಲು ಹೇಳಿದ್ದು ಕ್ರೀಡಾ ವರದಿಗಾರರಿಗೆ. ಮೂಲನಿವಾಸಿಗಳ ದಶಕಗಳ ಪ್ರತಿಭಟನೆಯ ನಂತರ, 2021ರಲ್ಲಿ, ತಂಡ ಹತ್ತಿರದ ಸೇತುವೆಯ ‘ಕಾವಲುಗಾರ’ ಪ್ರತಿಮೆಗಳಿಂದ ‘ಗಾರ್ಡಿಯನ್ಸ್’ ಎಂಬ ಹೆಸರನ್ನು ತೆಗೆದುಕೊಂಡಿತು. ಅದೇ ಊರಿನಲ್ಲಿ ಅದೇ ಹೆಸರಿನ ರೋಲರ್ ಡರ್ಬಿ (ಗಾಲಿ ಬೂಟು ತೊಟ್ಟು ಆಡುವ ಆಟ) ತಂಡವೊಂದು ಮೊದಲೇ ಇತ್ತು. ಅದು ಮೊಕದ್ದಮೆ ಹೂಡಿ ಕಡೆಗೆ ರಾಜಿಯಾಯಿತು. ಒಂದು ಕಾಲದಲ್ಲಿ ವರದಿಗಾರ ಬೆಳಗಿನ ಪತ್ರಿಕೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಈಗ ವಕೀಲರು ಬೇಕು. ಲೇಖನದ ಬೆನ್ನುಮೂಳೆ ಇದೇ ಆಗಲಿ.

ಸಿನ್ಸಿನಾಟಿ ‘ರೆಡ್ಸ್’ 1950ರ ದಶಕದಲ್ಲಿ ಕಮ್ಯುನಿಸ್ಟರೆಂಬ ಗುಮಾನಿಗೆ ಹೆದರಿ ‘ರೆಡ್‌ಲೆಗ್ಸ್’ ಆದದ್ದಕ್ಕೆ ಎರಡು ಸಾಲು ಸಾಕು. ಹ್ಯೂಸ್ಟನ್ ತಂಡ 1965ರಲ್ಲಿ ‘ಆಸ್ಟ್ರೋಸ್’ ಆದದ್ದಕ್ಕೆ ಆ ಊರಿನ ಬಾಹ್ಯಾಕಾಶ ಕೇಂದ್ರವನ್ನಷ್ಟೇ ಕಾರಣ ಮಾಡಿದ್ದೀರಿ, ಹಳೆಯ ‘ಕೋಲ್ಟ್.45’ ಹೆಸರಿನ ಕುರಿತು ಪಿಸ್ತೂಲು ಕಂಪನಿಯೊಂದಿಗೆ ಇದ್ದ ತಕರಾರನ್ನೂ ಸೇರಿಸಿ.

ಆರಂಭದ ಆರ್‌ಸಿಬಿ ಪ್ಯಾರಾ ತೆಗೆಯಿರಿ. ‘ಬ್ಯಾಂಗಲೋರ್’ 2024ರಲ್ಲಿ ‘ಬೆಂಗಳೂರು’ ಆದದ್ದು ಓದುಗರಿಗೆ ಗೊತ್ತು, ಅದರಿಂದ ಬ್ರೂಕ್ಲಿನ್ ಅರ್ಥವಾಗುವುದಿಲ್ಲ. ಉಳಿದ ಹದಿನೈದು ತಂಡಗಳನ್ನೂ ಬಿಟ್ಟುಬಿಡಿ; ಹೊಟ್ಟೆ ಉರಿಯುತ್ತದೆ, ಗೊತ್ತು. ಮದುವಣಿಗರಿಂದ ಶುರು ಮಾಡಿ ಮತ್ತೆ ಕಳುಹಿಸಿ, ಓದುತ್ತೇನೆ.

ಸಂಪಾದಕ