ಅಪ್ಪನ ವಿಚಾರ ಆಮೇಲೆ, ಮೊದಲು ಡಾಕ್ಟರ ಹತ್ತಿರ ಹೋಗು

ಈ ವಾರ ಒಂದೇ ಪತ್ರಕ್ಕೆ ಉತ್ತರ ಕೊಡುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಇದನ್ನು ಓದಿದ ಮೇಲೆ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ.

ಬರೆದವಳಿಗೆ 20 ವರ್ಷ. ಊರು ಮದ್ದೂರಿನ ಹತ್ತಿರ, ಓದು ಮೈಸೂರಿನಲ್ಲಿ, ಇರುವುದು ಸರಸ್ವತಿಪುರಂನ ಒಂದು ಪಿಜಿಯಲ್ಲಿ. ಕಾಲೇಜಿನ ಫ್ಯಾಷನ್ ಶೋದಲ್ಲಿ ಇವಳನ್ನು ನೋಡಿದ ಒಬ್ಬ ಕೋಆರ್ಡಿನೇಟರ್ ಮೊದಲು ಸೀರೆ ಅಂಗಡಿಯ ಜಾಹೀರಾತು, ಆಮೇಲೆ ಬೆಂಗಳೂರಿನ ರ‍್ಯಾಂಪ್ ಅಂತ ಆಸೆ ಹುಟ್ಟಿಸಿದ್ದಾನೆ. ಹತ್ತು ಕೆಜಿ ಇಳಿಸಬೇಕಂತೆ. 54 ಇದ್ದವಳು ಈಗ 47. ಕಬ್ಬು ಬೆಳೆಯುವ ಅಪ್ಪನಿಗೆ ವಿಷಯ ಗೊತ್ತಾಗಿ ಮನೆಯಲ್ಲಿ ರಂಪ ಆಗಿದೆ. ಅಪ್ಪನನ್ನು ಒಪ್ಪಿಸೋದು ಹೇಗೆ, ಉಳಿದ ಮೂರು ಕೆಜಿ ಬೇಗ ಇಳಿಸೋದು ಹೇಗೆ, ಇವು ಅವಳ ಪ್ರಶ್ನೆಗಳು. ‘ನಿಮ್ಮ ಮಗಳು ಅಂದ್ಕೊಂಡು ಹೇಳಿ ಮೇಡಂ’ ಎಂದಿದ್ದಾಳೆ. ಹಾಗಾಗಿ ನೀನು ಎಂದೇ ಬರೆಯುತ್ತೇನೆ.

ಪುಟ್ಟಿ, ನಿನ್ನ ಪತ್ರದ ತುಂಬಾ ಅಪ್ಪನ ಮೇಲಿನ ದೂರು. ಕೊನೆಯಲ್ಲಿ, ಕೂದಲು ಉದುರುವುದಕ್ಕೆ ಯಾವ ಎಣ್ಣೆ ಒಳ್ಳೆಯದು ಎಂದು ಕೇಳುವಾಗ ಮಧ್ಯೆ ಒಂದು ಸಾಲು ಬಂದಿದೆ: ‘ನಾಲ್ಕು ತಿಂಗಳಿಂದ ಮುಟ್ಟೂ ಆಗಿಲ್ಲ, ಎಕ್ಸಾಮ್ ಟೆನ್ಶನ್ ಇರಬೇಕು.’ ಅಷ್ಟೇ. ಮುಂದಿನ ಸಾಲಿಗೆ ಮತ್ತೆ ಎಣ್ಣೆಯ ಮಾತು.

ನನಗೆ ಬೇರೆ ಯಾವುದಕ್ಕಿಂತ ಇದೇ ದೊಡ್ಡ ವಿಷಯ. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಮಧ್ಯಾಹ್ನ ಸೌತೆಕಾಯಿ ಮತ್ತು ಅರ್ಧ ಬಟ್ಟಲು ಮೊಸರು, ರಾತ್ರಿ ಒಂದು ಸೇಬು. ಇಷ್ಟರ ಮೇಲೆ ಕುಕ್ಕರಹಳ್ಳಿ ಕೆರೆ ಸುತ್ತು. ನಡುವೆ ಕಣ್ಣು ಕತ್ತಲೆ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತೀಯ. ಕ್ಲಾಸಿನಲ್ಲಿ ಎಲ್ಲರೂ ಫ್ಯಾನ್ ಹಾಕಿ ಅಂದರೆ ನೀನು ಸ್ವೆಟರ್ ಹಾಕಿಕೊಳ್ಳುತ್ತೀಯ. ಇವನ್ನೆಲ್ಲ ನೀನೇ ಬೇರೆ ಬೇರೆ ಕಡೆ ಬರೆದಿದ್ದೀಯ. ಒಟ್ಟಿಗೆ ಇಟ್ಟು ನೋಡಿಲ್ಲ, ಅಲ್ವಾ?

ಹೊಟ್ಟೆಗೆ ಸಾಲದೆ ಹೋದಾಗ ಮೈ ಇರುವಷ್ಟು ಶಕ್ತಿಯನ್ನು ಗುಂಡಿಗೆಗೆ, ಮೆದುಳಿಗೆ ಎತ್ತಿಡುತ್ತದೆ. ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ಆಗ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ತಗ್ಗಿ ಮೂಳೆ ಸವೆಯಲು ಶುರುವಾಗುತ್ತದೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸೇ ನಿನ್ನದು. ಕಳೆದುಕೊಂಡದ್ದು ಆಮೇಲೆ ಪೂರ್ತಿ ವಾಪಸ್ ಬರುತ್ತದೆ ಎಂಬ ಭರವಸೆ ಇಲ್ಲ. ಇನ್ನೂ ಇಳಿಸುತ್ತಾ ಹೋದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಎದೆಬಡಿತವೇ ತಪ್ಪಬಹುದು.

ನಿನ್ನ ಎತ್ತರ 168 ಸೆಂಟಿಮೀಟರ್. 54 ಕೆಜಿ ಇದ್ದಾಗ ನಿನ್ನ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಸರಿಯಿದೆಯೇ ಎಂದು ನೋಡುವ ಲೆಕ್ಕ, 19 ದಾಟಿತ್ತು. ಅಂದರೆ ಇಳಿಸುವಂಥದ್ದು ಏನೂ ಇರಲೇ ಇಲ್ಲ! ಈಗ 16.7. ವಿಶ್ವ ಆರೋಗ್ಯ ಸಂಸ್ಥೆ 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಎನ್ನುತ್ತದೆ. ಆ ಮನುಷ್ಯ ಕೇಳುತ್ತಿರುವ 44ಕ್ಕೆ ಇಳಿದರೆ 16ಕ್ಕೂ ಕೆಳಗೆ ಹೋಗುತ್ತೀಯ.

‘ಫ್ಯಾಷನ್ ಲೋಕದಲ್ಲಿ ಇದೆಲ್ಲ ಮಾಮೂಲಿ’ ಅಂತ ಅವನು ಹೇಳಿದನಂತೆ. 2006ರ ಆಗಸ್ಟ್‌ನಲ್ಲಿ ಉರುಗ್ವೆಯ ಲೂಯಿಸೆಲ್ ರಾಮೋಸ್ ಎಂಬ 22 ವರ್ಷದ ಮಾಡೆಲ್ ಶೋ ನಡೆಯುತ್ತಿದ್ದಾಗಲೇ ಕುಸಿದು ಸತ್ತಳು. ಅದೇ ನವೆಂಬರ್‌ನಲ್ಲಿ ಬ್ರೆಜಿಲ್‌ನ ಆನಾ ಕರೋಲಿನಾ ರೆಸ್ಟನ್ ತೀರಿಕೊಂಡಳು, ಅವಳಿಗೆ 21. ಆ ವರ್ಷವೇ ಮ್ಯಾಡ್ರಿಡ್‌ನ ಫ್ಯಾಷನ್ ಶೋದವರು ಬಿಎಂಐ 18ಕ್ಕಿಂತ ಕಡಿಮೆ ಇದ್ದವರನ್ನು ವಾಪಸ್ ಕಳಿಸಿದರು. ಇಸ್ರೇಲ್ ಕಾನೂನಿನಲ್ಲಿ ಆ ಗೆರೆ 18.5. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್ ಆಗಿ ಕೆಲಸ ಮಾಡಲು ಡಾಕ್ಟರ ಸರ್ಟಿಫಿಕೇಟ್ ಬೇಕು. ಇವತ್ತಿನ ನಿನ್ನನ್ನು ಮ್ಯಾಡ್ರಿಡ್‌ನವರು ರ‍್ಯಾಂಪ್ ಹತ್ತಲು ಬಿಡುತ್ತಿರಲಿಲ್ಲ. ಮೈಸೂರಿನ ಈ ಕೋಆರ್ಡಿನೇಟರ್‌ಗೆ ಮಾತ್ರ ನೀನು ಇನ್ನೂ ದಪ್ಪ.

ಅವನು ಪೋರ್ಟ್‌ಫೋಲಿಯೋಗೆ ಅಂತ 25 ಸಾವಿರ ಬೇರೆ ಕೇಳಿದ್ದಾನೆ. ಈ ಅಂಕಣದಲ್ಲಿ ನಾನು ಯಾವಾಗಲೂ ಹೇಳುವ ಮಾತು: ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು. ಒಂದು ಪೈಸೆಯನ್ನೂ ಕೊಡಬೇಡ.

ಆದರೂ ಅವನಿಗಿಂತ ಜಾಸ್ತಿ ಸಿಟ್ಟು ನನಗೆ ನಿನ್ನ ಬೆಂಗಳೂರಿನ ಚಿಕ್ಕಮ್ಮನ ಮೇಲೆ. ಅವನು ಹೊರಗಿನವನು. ಇವರು ಮನೆಯ ದೊಡ್ಡವರು, ಮಕ್ಕಳನ್ನು ಹೆತ್ತವರು. ಮುಟ್ಟು ನಿಂತಿದೆ ಎಂದು ನೀನು ಹೇಳಿದಾಗ ‘ಒಳ್ಳೇದೇ ಆಯ್ತು ಬಿಡು, ರಗಳೆ ತಪ್ಪಿತು’ ಎಂದರಂತೆ. ಅಮ್ಮನಿಗೆ ಹೇಳಬೇಡ ಅಂತಲೂ ಹೇಳಿದರಂತೆ. ಇದು ಪ್ರೀತಿ ಅಲ್ಲ. ಅವರು ಕಳಿಸುವ ಡಯಟ್ ಮೆಸೇಜುಗಳನ್ನು ಇವತ್ತಿನಿಂದ ತೆರೆಯಬೇಡ.

ಅಪ್ಪನ ಬಗ್ಗೆ ಒಂದೇ ಮಾತು. ಮಾಡೆಲಿಂಗ್ ಅಂದರೆ ಮರ್ಯಾದೆಗೇಡು ಎಂಬ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ದುಡಿಮೆ, ಬೇರೆ ಯಾವ ದುಡಿಮೆಗೂ ಕಮ್ಮಿ ಇಲ್ಲ. ಆದರೆ ಹಬ್ಬಕ್ಕೆ ಊರಿಗೆ ಹೋದಾಗ ‘ಯಾಕವ್ವ ಹಿಂಗ್ ಸೊರಗೋಗಿದ್ದೀಯ, ಒಂದು ಮುದ್ದೆನಾದ್ರೂ ತಿನ್ನು’ ಎಂದವರು ಅವರೇ. ನೀನು ಅದನ್ನು ಹಳ್ಳಿಯವರ ಮಾತು ಎಂದು ತಳ್ಳಿಹಾಕಿದ್ದೀಯ. ನಿನ್ನ ಸುತ್ತ ಇರುವವರಲ್ಲಿ ನಿನ್ನನ್ನು ಸರಿಯಾಗಿ ನೋಡಿದ್ದು ಅವರೊಬ್ಬರೇ.

ಅವರನ್ನು ಒಪ್ಪಿಸುವುದು, ರ‍್ಯಾಂಪ್, ಜಾಹೀರಾತು ಎಲ್ಲ ಸದ್ಯಕ್ಕೆ ಇರಲಿ. ನೀನು ಮಾಡಬೇಕಾದ್ದು ಒಂದೇ. ಅಮ್ಮನಿಗೆ ಫೋನ್ ಮಾಡಿ ಮುಟ್ಟಿನ ವಿಷಯ ಹೇಳು. ಅವರನ್ನು ಕರೆದುಕೊಂಡು ಈ ವಾರವೇ ಹೆಂಗಸರ ಡಾಕ್ಟರ ಹತ್ತಿರ ಹೋಗು. ದುಡ್ಡಿನ ಯೋಚನೆ ಇದ್ದರೆ ಚೆಲುವಾಂಬ ಆಸ್ಪತ್ರೆ ಇದೆ, ಸರ್ಕಾರದ್ದು. ಕಣ್ಣು ಕತ್ತಲೆ ಬರುವುದು, ಚಳಿ, ಊಟದ ಲೆಕ್ಕ ಏನನ್ನೂ ಮುಚ್ಚಿಡಬೇಡ. ಗರ್ಭದ ಪರೀಕ್ಷೆ ಮಾಡಿಸಿ ಅಂದರೆ ಅಮ್ಮನೂ ನೀನೂ ಗಾಬರಿಯಾಗಬೇಡಿ. ಮುಟ್ಟು ನಿಂತ ಯಾರಿಗಾದರೂ ಮೊದಲು ನೋಡುವುದು ಅದನ್ನೇ. ರಕ್ತಪರೀಕ್ಷೆ, ಥೈರಾಯ್ಡ್, ಇಸಿಜಿ ಮಾಡಿಸಿ ಅಂದರೆ ಮಾಡಿಸು. ಅಲ್ಲಿಯವರೆಗೆ ಕೆರೆ ಸುತ್ತುವುದು ಬೇಡ. ತಟ್ಟೆ ಮುಂದೆ ಕೂತಾಗ ಭಯ ಆದರೆ, ತಿಂದ ಮೇಲೆ ತಪ್ಪು ಮಾಡಿದ ಹಾಗೆ ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಮನಸ್ಸಿನ ಆರೋಗ್ಯಕ್ಕೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಅದು, ರಾತ್ರಿಯಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕೋಆರ್ಡಿನೇಟರ್ ಫೋನ್ ಮಾಡಿದರೆ ಎತ್ತಬೇಡ. ಡಾಕ್ಟರು ಏನಂದರು ಅಂತ ನನಗೆ ಬರೆ.