ಹೊಲದಲ್ಲಿ ಸಿಕ್ಕ ಕರಿ ಗಾಜು: ಐಸೋಟೋಪ್ ಟೆಸ್ಟ್‌ಗೆ ಮೊದಲು

ಅಣ್ಣ, ಮಧುಗಿರಿ ಹತ್ತಿರ ಕಡಲೆಕಾಯಿ ಹೊಲ ಉಳುವಾಗ ಸಿಕ್ಕ ಕರಿ ಗಾಜಿನ ಕಲ್ಲಿನ ಫೋಟೊ ನೋಡಿದೆ. ಉಲ್ಕೆ ಬಿದ್ದು ಆದದ್ದಾ, ಐಸೋಟೋಪ್ ಟೆಸ್ಟ್ ಮಾಡಿಸಲಾ ಅಂತ ಕೇಳಿದ್ದೀರಿ.

ನಿಮ್ಮ ಎರಡನೇ ಫೋಟೊದಲ್ಲಿ ಮುರಿದ ಕಡೆ ತುಂಬ ತೂತು, ಅಂಚಿಗೆ ತುಕ್ಕು, ಮೂಲೆಯಲ್ಲಿ ಇದ್ದಿಲಿನ ಗುರುತು. ನನ್ನ ಕಣ್ಣಿಗೆ ಅದು ಕಬ್ಬಿಣದ ಕಿಟ್ಟ, ಅಂದರೆ ಅದಿರು ಕರಗಿಸಿದಾಗ ಉಳಿಯುವ ಕಸ. ನಿಮ್ಮ ಕಡೆ ಹಿಂದೆ ಕುಲುಮೆ ಹಾಕಿ ಕಬ್ಬಿಣ ಕರಗಿಸುತ್ತಿದ್ದರು. ಮ್ಯಾಗ್ನೆಟ್ ಹಿಡಿಯುತ್ತೆ ಅಂತ ಬರೆದಿದ್ದೀರಿ. ಉಲ್ಕೆಯ ಕಲ್ಲಾದರೆ ಸಾಮಾನ್ಯವಾಗಿ ಹಿಡಿಯುತ್ತೆ, ನಿಜ. ಆದರೆ ಉಲ್ಕೆ ಬಡಿದು ಆದ ಟೆಕ್ಟೈಟ್ ಗಾಜು ಮ್ಯಾಗ್ನೆಟ್‌ಗೆ ಅಂಟಲ್ಲ. ಬೇಜಾರಾಗಬೇಡಿ, ನಾನೂ ಒಂದು ಕಿಟ್ಟವನ್ನು ಎರಡು ವರ್ಷ ಶೋಕೇಸಲ್ಲಿಟ್ಟು ಬಂದವರಿಗೆಲ್ಲ ತೋರಿಸಿದವನೇ.

ಇನ್ನು ಐಸೋಟೋಪ್. ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಅಷ್ಟೆ. ಟೆಕ್ಟೈಟ್ ಆಕಾಶದ ಕಲ್ಲಲ್ಲ, ಉಲ್ಕೆ ಅಪ್ಪಳಿಸಿದ ಕಡೆಯ ನೆಲವೇ ಕರಗಿ ಚಿಮ್ಮಿದ್ದು. ಚಂದ್ರನಿಂದ ಬಂದದ್ದು ಅಂತಲೂ ಒಂದು ಕಾಲಕ್ಕೆ ವಾದ ಇತ್ತು. ಆ ವಾದವನ್ನು ಬೀಳಿಸಿದ ಸಾಕ್ಷಿಗಳಲ್ಲಿ ಬೆರಿಲಿಯಂ-10 ಅನ್ನುವ ಐಸೋಟೋಪ್ ಕೂಡ ಸೇರಿದೆ. ಇದು ವಾತಾವರಣದಲ್ಲಿ ಕಾಸ್ಮಿಕ್ ಕಿರಣ ಬಡಿದು ಹುಟ್ಟುತ್ತೆ, ಮಳೆ ಜೊತೆ ಇಳಿದು ಮೇಲ್ಮಣ್ಣಿಗೆ ಅಂಟುತ್ತೆ. ಸುಮಾರು 14 ಲಕ್ಷ ವರ್ಷಕ್ಕೆ ಅರ್ಧ ಆಗುತ್ತೆ. ಬೋರ್‌ವೆಲ್ ಕೊರೆಸುವಾಗ ಸಾವಿರ ಅಡಿಯಿಂದ ಬರುವ ಕಲ್ಲುಪುಡಿಯಲ್ಲಿ ಇದು ಹೆಚ್ಚೂಕಡಿಮೆ ಇರಲ್ಲ, ಹೊಲದ ಮೇಲಿನ ಮಣ್ಣಲ್ಲಿ ಇರುತ್ತೆ. ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾವರೆಗೆ ಸಿಗುವ, ಸುಮಾರು 7.9 ಲಕ್ಷ ವರ್ಷ ಹಳೆಯ ಟೆಕ್ಟೈಟುಗಳಲ್ಲಿ ಇದು ಜಾಸ್ತಿ ಸಿಕ್ಕಿತು. ಅಂದರೆ ಅಲ್ಲಿ ಕರಗಿದ್ದು ಮಳೆ ಕುಡಿದ ಮೇಲ್ಮಣ್ಣು!

ಯಾವ ಊರಿನ ನೆಲ ಅಂತ ಹುಡುಕಲು ಸ್ಟ್ರಾನ್ಷಿಯಂ, ನಿಯೋಡಿಮಿಯಂ ಅನ್ನುವ ಲೋಹಗಳ ಐಸೋಟೋಪ್ ನೋಡುತ್ತಾರೆ. ಐವರಿ ಕೋಸ್ಟಿನ ಟೆಕ್ಟೈಟ್ ಹೀಗೇ ಪಕ್ಕದ ಘಾನಾದಲ್ಲಿ ಉಲ್ಕೆ ಬಿದ್ದು ಆದ ಬೊಸುಮ್ಟ್ವಿ ಕುಳಿಯ ಕಲ್ಲಿಗೆ ಹೊಂದಿತು. ಆ ಟೆಕ್ಟೈಟಲ್ಲಿ ಉಲ್ಕೆಯ ಪಾಲು ಶೇ. 1ಕ್ಕಿಂತ ಕಡಿಮೆ. ಅಷ್ಟನ್ನೂ ಆಸ್ಮಿಯಂ ಅನ್ನುವ ಲೋಹದ ಐಸೋಟೋಪ್ ಅಳೆದು ಹಿಡಿದರು.

ನಮಗೆ ಹತ್ತಿರದ್ದು ಮಹಾರಾಷ್ಟ್ರದ ಲೋಣಾರ್, ಉಲ್ಕೆ ಬಿದ್ದು ಆದ 1.8 ಕಿ.ಮೀ. ಅಗಲದ ಕುಳಿ. ಅದಕ್ಕೆ ಸುಮಾರು 50 ಸಾವಿರ ವರ್ಷ ಅಂದುಕೊಂಡಿದ್ದರು. ಅಲ್ಲಿನ ಕರಗಿದ ಕಲ್ಲಿನ ಆರ್ಗಾನ್ ಐಸೋಟೋಪ್ ಅಳೆದಾಗ ಸುಮಾರು 5.7 ಲಕ್ಷ ಬಂತು.

ನೀವು ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ಬದುವಿನ ಹತ್ತಿರ ಇಂಥವೇ ಇನ್ನಷ್ಟು ಇದ್ದಾವಾ ನೋಡಿ. ಸುಟ್ಟ ಮಣ್ಣಿನ ಕೊಳವೆ ಚೂರು ಕಂಡರೆ ತಿದಿಯಿಂದ ಕುಲುಮೆಗೆ ಗಾಳಿ ಊದುತ್ತಿದ್ದ ಕೊಳವೆ ಅದು. ಅದರದ್ದೂ ಒಂದು ಫೋಟೊ ಹಾಕಿ.